ಪ್ರಶ್ನೆ ಹದಿನಾಲ್ಕು

ದುರ್ಗಿಗುಡಿ. ಕನ್ನಡಕದಂಗಡಿಯ ಮೇಲಿನ ಮಹಡಿ. ರಾತ್ರಿ ಪಾಳಿ.
ಕಾಲಡಿಗೆ ಸೊಳ್ಳೆಬತ್ತಿ, ಕಿವಿಗೆ ಹೆಡ್‌ಫೋನು.
ಅಮೆರಿಕದವರು ಒಬ್ಬೊಬ್ಬರಾಗಿ ಬಂದು
ನನ್ನ ಕಿವಿಯಲ್ಲಿ ಕೂತು
ಅಭಿಪ್ರಾಯ ಹೇಳಿ ಎದ್ದು ಹೋಗುತ್ತಾರೆ.

ಪ್ರಶ್ನೆ ಹದಿನಾಲ್ಕು:
ನಿಮ್ಮ ಮರುಕ ಯಾರ ಕಡೆಗೆ ಹೆಚ್ಚು?
ಇಸ್ರೇಲಿಗಳು, ಒಂದು. ಪ್ಯಾಲೆಸ್ತೀನಿಯರು, ಎರಡು.
ಇಬ್ಬರ ಕಡೆಗೂ ಸಮ, ಮೂರು. ಯಾರ ಕಡೆಗೂ ಇಲ್ಲ, ನಾಲ್ಕು.
ಗೊತ್ತಿಲ್ಲ ಅಂದವರಿಗೆ ಎಂಟು.
ಹೇಳಲಾರೆ ಅಂದವರಿಗೆ ಒಂಬತ್ತು.

ಐದು, ಆರು, ಏಳು ಯಾಕಿಲ್ಲ?
ಸೇರಿದ ವಾರ ಕೇಳಿದ್ದೆ.
ಗುರುಪಾದ ಸರ್ ನಕ್ಕರು: ‘ಮುಂದೆ ಬೇಕಾದೀತು, ಇರಲಿ ಬಿಡಿ.’

ಲಾರಿ ಪಕ್ಕಕ್ಕೆ ಹಾಕಿಕೊಂಡು ಮಾತಾಡಿದವನು
ಪ್ರಶ್ನೆ ಮುಗಿಯುವ ಮೊದಲೇ ಒಂದು.
ಕಾಲೇಜು ಹುಡುಗಿ ಎರಡು, ಎರಡು, ಎರಡು ಎಂದು ಕೂಗಿದಳು,
ನಾನು ಒತ್ತಬೇಕಾದ್ದು ಒಂದೇ ಸಲ.
ನಮ್ಮ ತೆರಿಗೆ ದುಡ್ಡು ಎಂದು ಶುರು ಮಾಡಿದ ಮುದುಕ
ತನ್ನೂರಿನ ಮುರುಕಲು ಸೇತುವೆಗೆ ಬಂದು ನಿಂತ.
ಅವರಿಬ್ಬರಲ್ಲಿ ಯಾರು ಯಾರು, ಇನ್ನೊಮ್ಮೆ ಹೇಳ್ತೀಯಾ
ಎಂದವಳ ದನಿಯಲ್ಲಿ ನಿಜವಾದ ನಾಚಿಕೆಯಿತ್ತು. ಎಂಟು.
ಹೈಫಾದಲ್ಲಿ ತಂಗಿಯಿರುವವನು
ಒಂದು ಎಂದು, ಗಂಟಲು ಸರಿಮಾಡಿಕೊಂಡು,
‘ನನ್ನ ಮಗಳನ್ನು ಕೇಳಿದರೆ ಎರಡು ಅಂತಾಳೆ,
ಮಾತು ಬಿಟ್ಟು ಆರು ತಿಂಗಳಾಯಿತು’ ಎಂದ.
ಅವನಿಗೆ ಒಂದು. ಮಗಳನ್ನು ಯಾರೂ ಕೇಳಿಲ್ಲ.

ನಮ್ಮಲ್ಲಿ ಕರುಳು ಚುರಕ್ ಅನ್ನುತ್ತದಲ್ಲ,
ಅದು ಯಾರನ್ನೂ ಕೇಳಿಕೊಂಡು ಅನ್ನುವುದಿಲ್ಲ.
ಹಾಗಂತ ಷರಾ ಬರೆಯಲು ಕಾಲಂ ಇಲ್ಲ.

ಆಮೇಲೆ ನೆಬ್ರಾಸ್ಕದ ಆ ಹೆಂಗಸು.
ನಲ್ಲಿಯ ನೀರು, ತಟ್ಟೆಗಳ ಸದ್ದು.
ಪ್ರಶ್ನೆ ಕೇಳಿದ ಮೇಲೆ ನಲ್ಲಿ ನಿಂತಿತು.
ಹನ್ನೊಂದು ಸೆಕೆಂಡು.
‘ಮಕ್ಕಳನ್ನು ಯಾರ ಲೆಕ್ಕಕ್ಕೆ ಸೇರಿಸಿದ್ದೀರಿ?’
ಫೋನು ಇಟ್ಟಳು.

ಒಂದೊಂದು ಉತ್ತರವನ್ನೂ ಇಬ್ಬರು ಕೇಳಬೇಕು, ಅದು ನಿಯಮ.
ಪ್ಲೈವುಡ್ಡಿನ ಈಚೆ ನಾನು, ಆಚೆ ಜುಲೇಖಾ.
ತಿಂಗಳ ಕೊನೆಗೆ ಬೋರ್ಡಿನ ಮೇಲೆ
ನಮ್ಮಿಬ್ಬರ ಒಪ್ಪಿಗೆ ಶೇಕಡ ಎಷ್ಟೆಂದು ಅಂಟಿಸುತ್ತಾರೆ.
ಹೋದ ತಿಂಗಳು ಎಂಬತ್ತೊಂದು.

ನೆಬ್ರಾಸ್ಕಕ್ಕೆ ನಾನು ಕೊಟ್ಟದ್ದು ಒಂಬತ್ತು,
ಜುಲೇಖಾ ಮೂರು.
‘ಕೂತು ಮಾತಾಡಿ ಒಂದಕ್ಕೆ ಬನ್ನಿ’ ಎಂದರು ಸರ್.
ಆ ವಾರ ಊರಲ್ಲಿ ನೂರನಲವತ್ನಾಲ್ಕು,
ಯಾವುದೋ ಫ್ಲೆಕ್ಸು, ಯಾರದೋ ಕಲ್ಲು.
ನಾವಿಬ್ಬರೇ, ಕಾನೂನಿನ ಅಡ್ಡಿಯಿಲ್ಲ.
ಒಂದೊಂದು ಕಿವಿಗೆ ಒಂದೊಂದು ಇಯರ್‌ಫೋನು,
ಆ ಹನ್ನೊಂದು ಸೆಕೆಂಡನ್ನು ನಾಲ್ಕು ಸಲ ಕೇಳಿದೆವು.
‘ಹೇಳಲಾರೆ ಅಂತ ಎಲ್ಲಂದಳು?’ ಎಂದಳು ಜುಲೇಖಾ.
‘ಸಮ ಅಂತ ಎಲ್ಲಂದಳು?’ ಎಂದೆ ನಾನು.
ಜಗಳ ಅಂತ ಅನ್ನಲಾಗದು.
ಆದರೂ ಇಬ್ಬರ ಟೀ ತಣ್ಣಗಾಯಿತು.
ಮೂರು ವರ್ಷದ ಪರಿಚಯ,
ಇವಳಿಗೆ ಮೆಹೆಂದಿ ಆಗಿಬರುವುದಿಲ್ಲ ಅಂತ ಗೊತ್ತು,
ಬಾಡಿಗೆ ಎಷ್ಟಂತ ಗೊತ್ತು.
ಹದಿನಾಲ್ಕನ್ನು ಒಬ್ಬರಿಗೊಬ್ಬರು ಕೇಳಿಕೊಂಡಿಲ್ಲ.

ವ್ಯಾನು ಎರಡೂವರೆಗೆ ಹೊರಟಿತು.
ಶಟರು ಎಳೆದ ಅಂಗಡಿಗಳು, ನಾಯಿಗಳಿಗೆ ಬಿಟ್ಟುಕೊಟ್ಟ ರಸ್ತೆ.
‘ಒಂದು ಮಾತು ಕೇಳ್ಲಾ?’ ಎಂದು ತಿರುಗಿದಳು.
ಅಭ್ಯಾಸಬಲ, ಸೆಕೆಂಡು ಎಣಿಸತೊಡಗಿದೆ.

ಅಮೀರ್ ಅಹಮದ್ ಸರ್ಕಲ್ಲಿನಲ್ಲಿ ಬ್ಯಾರಿಕೇಡು.
ಮಫ್ಲರ್ ಸುತ್ತಿಕೊಂಡ ಪೇದೆ ಟಾರ್ಚು ಬಿಟ್ಟ,
ಅವಳ ಮುಖಕ್ಕೆ, ನನ್ನ ಮುಖಕ್ಕೆ,
ಮತ್ತೆ ಅವಳದಕ್ಕೆ.
‘ಯಾವ ಕಡೆ?’

ನಾಲ್ಕು. ಐದು. ಆರು.
ಏಳಕ್ಕೆ ಮುಂದಿನ ಸೀಟಿನಿಂದ ಡ್ರೈವರ್ ಲೋಕಪ್ಪ
ಆಕಳಿಸುತ್ತಲೇ ಅಂದ:
‘ಮನೆ ಕಡೆ, ಸಾರ್.’

ಟಾರ್ಚು ಆರಿತು.
ಜುಲೇಖಾ ಇಳಿಯುವ ತಿರುವು ಇನ್ನೂ ಮುಂದಿತ್ತು.