ಇತರೆ

ಎಪಿಎಂಸಿಯಲ್ಲಿ ನಮ್ಮದು ಮೆಕ್ಕೆಜೋಳದ ಅಂಗಡಿ.
ಮೂವತ್ತೊಂದು ವರ್ಷದಿಂದ ಲೆಕ್ಕ ಬರೆಯುವವನು ನಾನು.
ಸಾಹುಕಾರ ಬಕ್ಕೇಶಪ್ಪ ನಾಯಿ ಕಂಡರೆ
ತೂಕದ ಬಟ್ಟು ಎತ್ತಿಕೊಳ್ಳುತ್ತಿದ್ದರು,
ಐವತ್ತು ಗ್ರಾಮಿನದು.
ದೊಡ್ಡದು ಎಸೆದರೆ ನಷ್ಟ.

ಆಷಾಢದ ಒಂದು ಬೆಳಗ್ಗೆ
ನಮ್ಮದೇ ಲಾರಿ ಹಿಂದಕ್ಕೆ ಬರುವಾಗ
ಚೀಲದ ಅಟ್ಟಿಯ ನೆರಳಲ್ಲಿ ಮಲಗಿದ್ದ ಕಂದು ಹೆಣ್ಣುನಾಯಿಯ
ಹಿಂಗಾಲು ಚಕ್ರಕ್ಕೆ ಸಿಕ್ಕಿತು.
ಅದು ಕೂಗಿದ್ದು ಒಂದೇ ಸಲ.
ಆಮೇಲೆ ಹರಾಜು ಕೂಗುವವನೂ ಸುಮ್ಮನಾದ.

ಹಮಾಲಿ ದುರುಗೇಶ ಖಾಲಿ ಗೋಣಿಯಲ್ಲಿ ಅದನ್ನೆತ್ತಿ
ಆಟೋ ಹತ್ತಿ ಹೋದ, ಆವರಗೆರೆಯ ಹಳೇ ಹತ್ತಿ ಜಿನ್ನಿಗೆ.
ಅಲ್ಲಿ ರಿಟೈರಾದ ನರ್ಸು ದಾಕ್ಷಾಯಣಮ್ಮ
ಕಾಲಿಲ್ಲದ, ಕಣ್ಣಿಲ್ಲದ, ಯಾರದೂ ಅಲ್ಲದ ನಾಯಿಗಳನ್ನು
ಪಿಂಚಣಿಯಲ್ಲಿ ಸಾಕುತ್ತಾರೆ.

ಮಧ್ಯಾಹ್ನ ಚೀಟಿ ಬಂತು:
ಆಪರೇಷನ್ನು, ನಾಲ್ಕು ಸಾವಿರದ ಇನ್ನೂರು.
ಸಾಹುಕಾರರು ಚೀಟಿ ತಿರುಗಿಸಿ ನೋಡಿದರು,
ಹಿಂದುಗಡೆ ರಿಯಾಯಿತಿ ಏನಾದರೂ ಇದೆಯೇನೋ ಎಂಬಂತೆ.
‘ಕೊಟ್ಟು ಕಳಿಸು’ ಅಂದರು.
‘ಯಾವ ಖಾತೆಗೆ?’
ಧರ್ಮದ ಖಾತೆ ಮಠಕ್ಕೆ, ಗಣಪತಿ ಪೆಂಡಾಲಿಗೆ, ಶಾಲೆಯ ಗಂಟೆಗೆ.
ನಾಯಿ ಅದರಲ್ಲಿ ಹಿಡಿಸುತ್ತದೋ ಇಲ್ಲವೋ
ಇಬ್ಬರಿಗೂ ತಿಳಿಯಲಿಲ್ಲ.
‘ಇತರೆ’ ಅಂತ ಬರೆದೆ.

ಹಾಗೆ ಶುರುವಾಯಿತು.
ಲೋಡಿಗೆ ಹತ್ತು ರೂಪಾಯಿ, ಇತರೆ.
ಮಂಡಕ್ಕಿ ಭಟ್ಟಿಯ ದಾದಾಪೀರ್ ಒಂದು ಮೂಟೆ ಮಂಡಕ್ಕಿ ತಂದ.
‘ಇದು ಗಾಳಿ ಕಣಪ್ಪ, ಹೊಟ್ಟೆಗೆ ನಿಲ್ಲಲ್ಲ’ ಅಂದರು ನರ್ಸಮ್ಮ.
ಮುಖ ಸಣ್ಣದು ಮಾಡಿಕೊಂಡು ಹೋದವನು ವಾರ ಕಾಣಲಿಲ್ಲ.
ಚಳಿ ಬಿದ್ದ ದಿನ ಟ್ರಾಲಿ ತುಂಬ ಭತ್ತದ ಹೊಟ್ಟು ಸುರಿದು ಹೋದ,
ಅವನ ಒಲೆಗೇ ಬೇಕಾದದ್ದು.
ಹಮಾಲರು ಶನಿವಾರ ಬಟವಾಡೆ ಆದ ಮೇಲೆ
ದುರುಗೇಶನ ಟವೆಲಿಗೆ ಐದೈದು ಹಾಕುತ್ತಾರೆ.
ಯಾರು ಹಾಕಲಿಲ್ಲ ಅಂತ ನಾನು ಬರೆಯುವುದಿಲ್ಲ.
ಅಮಾವಾಸ್ಯೆಗೆ ಮಾರ್ಕೆಟ್ಟು ರಜೆ. ಸಾಹುಕಾರರು
ಎಲ್ಲಿಗೂ ಹೇಳದೆ ಸ್ಕೂಟರ್ ಹತ್ತುತ್ತಾರೆ;
ಬರುವಾಗ ಬಿಳಿ ಅಂಗಿಯ ಎದೆ ಮೇಲೆ ಎರಡು ಹೆಜ್ಜೆ.

ಹೈವೇ ಬದಿಯ ನಾಯಿಗಳ ಕೊರಳಿಗೆ
ಕತ್ತಲಲ್ಲಿ ಹೊಳೆಯುವ ಪಟ್ಟಿ ಬೇಕಂತ ಮಾತಾಯಿತು.
ಸ್ಕೂಲ್ ಬ್ಯಾಗ್ ಹೊಲಿಯುವ ಪರ್ವೀನ್ ತಾಜ್
ದಾರದ ದುಡ್ಡಷ್ಟೇ ತಗೊಂಡಳು.
ಸಾಹುಕಾರರಿಗೆ ಆಗ ವ್ಯಾಪಾರ ನೆನಪಾಯಿತು:
‘ಮೇಲೆ ಅಂಗಡಿ ಹೆಸರು ಹಾಕಿಸಿದರೆ?’
ದಾಕ್ಷಾಯಣಮ್ಮ ಕನ್ನಡಕದ ಮೇಲಿಂದ ನೋಡಿದರು.
‘ಹಾಕಿಸಿ. ಕಚ್ಚಿದರೂ ನಿಮ್ಮದೇ ಹೆಸರು.’
ಹೆಸರು ಬಿಟ್ಟೆವು. ಫೋನ್ ನಂಬರು ಮಾತ್ರ,
ಅದೂ ನನ್ನದು.

ಈಗ ರಾತ್ರಿ ಹನ್ನೊಂದಕ್ಕೆ ಫೋನು.
ಆನಗೋಡಿನ ಪಂಕ್ಚರ್ ಅಂಗಡಿಯವನು:
‘ನಿಮ್ ನಾಯಿ ಇಲ್ಲಿ ಕುಂಟ್ತಾ ಐತಿ.’
ದೊಡ್ಡಬಾತಿಯಿಂದ ಇನ್ನೊಬ್ಬ:
‘ನಿಮ್ ನಾಯಿ ನನ್ ಚಪ್ಪಲಿ ಒಯ್ದೈತಿ, ಎಡಗಾಲಿಂದು.’
ಮೊದಮೊದಲು ಹೇಳುತ್ತಿದ್ದೆ:
ನಾಯಿ ನಮ್ಮದಲ್ಲ ಸ್ವಾಮಿ, ನಂಬರಷ್ಟೇ ನಮ್ಮದು.
ಹೆಂಡತಿ ಮಗ್ಗುಲು ಬದಲಿಸುತ್ತ
‘ನಂಬರು ನಿಮ್ಮದಾದ ಮೇಲೆ’ ಅಂದವಳು
ಮಾತು ಮುಗಿಸದೆ ನಿದ್ದೆ ಹೋದಳು.
ಯಾವತ್ತಿನಿಂದಲೋ ಗೊತ್ತಿಲ್ಲ, ಈಗ ಕೇಳುತ್ತೇನೆ:
ಯಾವ ಬಣ್ಣ? ಕಿವಿ ಹರಿದಿದೆಯಾ?
ನೀರು ಕುಡಿಯಿತಾ?

ಮಾರ್ಚಿಯಲ್ಲಿ ಆಡಿಟರು ಪುಟದ ಮೇಲೆ ಬೆರಳಿಟ್ಟರು.
‘ಇದೇನ್ರಿ ಇತರೆ, ಇಷ್ಟು ದಪ್ಪ ಆಗಿದೆ?’
ಸಾಹುಕಾರರು ಮಾತಾಡದೆ ಹೊರಗೆ ಕೈ ತೋರಿಸಿದರು.

ಮೂರು ಕಾಲಿನದು ತೂಕದ ಹಲಗೆ ಹತ್ತಿ ಕೂತಿತ್ತು,
ಬಿಸಿಲು ಮೊದಲು ಬೀಳುವ ಜಾಗ ಅದು.
ದುರುಗೇಶ ಕೆಂಪು ಅಂಕಿ ನೋಡಿ
ಹರಾಜಿನ ರಾಗದಲ್ಲೇ ಕೂಗಿದ:
‘ಹದಿನಾಲ್ಕು ಕೇಜಿ, ಇನ್ನೂರು!’
ಹೋದ ವಾರ ಬರೀ ಹದಿನಾಲ್ಕು.
ಚೀಲದ ತೂಕ ಕಳೆಯುವಂತಿಲ್ಲ,
ತೇವ ಅಂತ ಮುರಿದುಕೊಳ್ಳುವಂತಿಲ್ಲ.
ಪೆನ್ನಿನ ಮುಚ್ಚಳ ತೆಗೆದು
ಆವಕದ ಕಡೆ ಬರೆದುಕೊಂಡೆ:
ಇನ್ನೂರು ಗ್ರಾಂ.