ಎಂಟನೇ ಸೀಟು

ಡುಲೂತ್ ಊರಿನ ಈ ಹಳೆಯ ಐಸ್ ಹಾಕಿ ಅಂಗಳದಲ್ಲಿ
ಟಾರ್ಚು ಹಿಡಿದು ಜನಕ್ಕೆ ಜಾಗ ತೋರಿಸುವವನು ನಾನು.
ಹೊರಗೆ ಸರೋವರ ಹೆಪ್ಪುಗಟ್ಟಿ ನರಳುತ್ತದೆ,
ಒಳಗೆ ಅದೇ ಮಂಜುಗಡ್ಡೆಯನ್ನು
ದುಡ್ಡು ಕೊಟ್ಟು ನೋಡುತ್ತಾರೆ.

ಎಫ್ ಸಾಲು, ಏಳು ಮತ್ತು ಎಂಟು:
ಇರ್ಯಾ ಲಾಹ್ತಿ, ವೇಯ್ಕೊ ಲಾಹ್ತಿ.
ಮೂವತ್ತೊಂದು ಚಳಿಗಾಲ.
ಅವಳು ದಾರಿಯ ಬದಿಗೆ, ಅವನು ಒಳಕ್ಕೆ,
ನಡುವೆ ಒಂದು ಫ್ಲಾಸ್ಕು ಕಾಫಿ.
ಎಡಗಡೆ ಗೋಲು ಬಿದ್ದಾಗಲೆಲ್ಲ
ಅವನು ಅರೆಕ್ಷಣ ತಡವಾಗಿ ಏಳುತ್ತಿದ್ದ,
"ಹೋಯ್ತಾ?"
"ಹೋಯ್ತು ಮಾರಾಯ, ಕಣ್ಣು ಎಲ್ಲಿಟ್ಟಿದ್ದೀ?"

ವೇಯ್ಕೊ ತೀರಿಕೊಂಡದ್ದು ಅಕ್ಟೋಬರಿನಲ್ಲಿ.
ಎರಡೂ ಟಿಕೆಟಿಗೆ ಹಣ ಕಟ್ಟಿಯಾಗಿತ್ತು.
ಆಫೀಸಿಗೆ ಫೋನು ಮಾಡಿದಳಂತೆ:
ಎಂಟನೇದನ್ನು ಸೈನಿಕರಿಗೆ ಕೊಡಿ,
ಈಗ ಇರುವವರೋ, ಬಿಟ್ಟು ಬಂದವರೋ, ಯಾರಾದರೂ ಸರಿ.
"ಎರಡನ್ನೂ ಕೊಡಬಹುದು ಅಮ್ಮಾ, ತೆರಿಗೆ ವಿನಾಯಿತಿ ಇದೆ."
"ಎರಡೂ ಕೊಟ್ಟರೆ ನಾನೆಲ್ಲಿ ಕೂರಲಿ?"

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನುತ್ತಾರೆ.
ಇವಳ ಎಡಗೈ ಮಾತ್ರ
ಆ ಸೀಟಿನ ತೋಳಿನ ಮೇಲೆಯೇ ಇರುತ್ತಿತ್ತು.

ಮೊದಲು ಬಂದವನು ವಾಯುನೆಲೆಯ ಹುಡುಗ,
ಕೂದಲಿಗಿಂತ ಕಿವಿಯೇ ಎದ್ದು ಕಾಣುವವನು.
ಮೂರು ಹಾಟ್‌ಡಾಗ್ ತಿಂದ. ಮಾತಿಗೊಮ್ಮೆ ಮೇಡಂ ಅಂದ.
"ಸೀಟು ಹೇಗಿದೆ?"
"ಬಹಳ ಚೆನ್ನಾಗಿದೆ ಮೇಡಂ."
ಆಮೇಲೆ ವಿಯೆಟ್ನಾಮಿಗೆ ಹೋಗಿ ಬಂದ ಒರ್ವಿಲ್ ಸ್ಟೆನ್ಸ್‌ರುಡ್.
ಆಟ ಕಾವೇರುವ ಮೊದಲೇ ನಿದ್ದೆ ಹೋದ.
ಜಾರಿದ ಅವನ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು
ಇವಳು ಪಂದ್ಯ ಮುಗಿಸಿದಳು.
ಎದ್ದು ಹೋಗುವಾಗ ಅವನೂ ಅಂದ, ಒಳ್ಳೆಯ ಜಾಗ.
ಒಂದು ಶನಿವಾರ ಯಾರೂ ಬರಲಿಲ್ಲ.
ಕೋಟು ಬಿಚ್ಚಿ ಎಂಟರ ಮೇಲಿಟ್ಟಳು. ನೋಡಿದಳು.
ತೆಗೆದು ಮತ್ತೆ ತೊಟ್ಟುಕೊಂಡಳು.

ಫೆಬ್ರವರಿಯಲ್ಲಿ ರೋಶೆಲ್ ಟಿಂಡಲ್.
ಇರಾಕಿನಲ್ಲಿ ಇಂಧನದ ಟ್ಯಾಂಕರು ಓಡಿಸಿದವಳು,
ಈಗ ಇಲ್ಲಿ ಶಾಲೆಯ ಬಸ್ಸು.
ಕೂರಲಿಲ್ಲ. ಬಾಗಿಲು ಎಲ್ಲಿ ಎಂದು ನನ್ನನ್ನು ಕೇಳಿದಳು.
ತೋರಿಸಿದೆ. ಇನ್ನೊಂದು ಬಾಗಿಲು ಕೇಳಿದಳು.
ಇರ್ಯಾ ಫ್ಲಾಸ್ಕು ಎತ್ತಿಕೊಂಡು ಒಳಕ್ಕೆ ಸರಿದಳು:
"ದಾರಿಯ ಬದಿಗೆ ನೀನು ಕೂತುಕೋ ಮಗಳೇ,
ಎದ್ದು ಹೋಗುವುದಿದ್ದರೆ ನನ್ನನ್ನು ಕೇಳಬೇಡ."

ಸೇನೆಯವರು ಎದ್ದು ನಿಲ್ಲಿ, ಎಂದಿತು ಮೈಕು.
ಚಪ್ಪಾಳೆ ಮುಗಿಯುವತನಕ
ರೋಶೆಲ್ ಬೂಟಿನ ಲೇಸು ಬಿಗಿಯುತ್ತಿದ್ದಳು.
ಇರ್ಯಾ ಕಾಫಿ ಬಗ್ಗಿಸುತ್ತಿದ್ದಳು, ಬಹಳ ನಿಧಾನವಾಗಿ.

ಆಮೇಲೆ ಆಟ. ಆಮೇಲೆ ಎಡಗಡೆ ಕೂಗು.
ಅಂಗಳವೆಲ್ಲ ಎದ್ದಿತು.
ಇರ್ಯಾ ಎದ್ದಳು, ಅರೆಕ್ಷಣ ತಡವಾಗಿ.
ಕಂಡದ್ದು ಒಂದು ಕಂಬ.
ಬೂದು ಬಣ್ಣದ ಕಬ್ಬಿಣ,
ಎಡಗಡೆಯ ಗೋಲನ್ನು ಪೂರ್ತಿ ನುಂಗಿ ನಿಂತದ್ದು.

ಮೂವತ್ತೊಂದು ಚಳಿಗಾಲ.

ನನ್ನ ಕಡೆ ತಿರುಗಿದಳು. ನಾನು ಟಾರ್ಚು ಒರೆಸಿದೆ.
ಯಾವ ಸೀಟಿಗೆ ಏನು ಕಾಣದೆಂದು ನಮಗೆ ಗೊತ್ತಿರುತ್ತದೆ.
ಮೊದಲ ವರ್ಷವೇ ಅವನನ್ನು ಕೇಳಿದ್ದೆ, ಬದಲಿಸಿಕೊಡಲೇ ಎಂದು.
ಅವಳತ್ತ ನೋಡಿ ತುಟಿಗೆ ಬೆರಳಿಟ್ಟಿದ್ದ.
"ಆ ಹುಡುಗ? ಆ ಮುದುಕ?
ಅವರೂ ಒಳ್ಳೆಯ ಜಾಗ ಅಂದರಲ್ಲ!"
ದಾನಕ್ಕೆ ಬಂದ ಹಸುವಿನ ಹಲ್ಲು
ಯಾರು ಎಣಿಸುತ್ತಾರೆ ಇರ್ಯಾ, ಅಂದೆ.

ಸೋಮವಾರ ಆಫೀಸಿಗೆ ಮತ್ತೆ ಫೋನು ಹೋಯಿತು:
ಇನ್ನು ಏಳನೇದು ಅವರಿಗೆ, ಎಂಟು ನನಗೆ.
ಅದು ಸೋಮವಾರದ ಮಾತು.

ಆ ರಾತ್ರಿ, ಇನ್ನೇನು ಮುಗಿಯಬೇಕು,
ಎಡಗಡೆ ಮತ್ತೊಂದು ಕೂಗು ಭುಗಿಲೆದ್ದಿತು.
ರೋಶೆಲ್ ಅರ್ಧ ಎದ್ದಿದ್ದಳು, ಕಣ್ಣು ಬಾಗಿಲಲ್ಲಿ,
ಮುಷ್ಟಿಯಲ್ಲಿ ಕೈಚೀಲ.
"ಹೋಯ್ತಾ?" ಕಂಬದ ಹಿಂದಿನಿಂದ ಇರ್ಯಾ.
ಉತ್ತರ ಕೊಡುವುದಕ್ಕಾದರೂ
ಅವಳು ಬಾಗಿಲಿನಿಂದ ಕಣ್ಣು ಕಿತ್ತು
ಮಂಜಿನತ್ತ ನೋಡಬೇಕಾಯಿತು.
ನೋಡಿದಳು.
"ಇಲ್ಲ," ಅಂದಳು. "ಕೂದಲೆಳೆಯಲ್ಲಿ ತಪ್ಪಿತು."
ಕೂತಳು.