ಗಂಟೆ ನಿಂತಿಲ್ಲ

ಶುಕ್ರವಾರದ ಸಭೆಗೆ ಜಮಖಾನೆ ಹಾಸುವುದು ನನ್ನ ಕೆಲಸ.
ಕಾರ್ನ್‌ವಾಲಿನ ಈ ಕಡಲಂಚಿನ ಶಾಲೆಯಲ್ಲಿ
ಎಂಬತ್ತಾರು ಮಕ್ಕಳು, ನಾಲ್ವರು ಮೇಡಮ್ಮುಗಳು,
ಬೀಗದ ಗೊಂಚಲು ಹಿಡಿದ ನಾನೊಬ್ಬ.
ಊಟದ ಹಾಲೇ ಸಭೆಯ ಹಾಲು:
ಬೆಂದ ಬಟಾಣಿಯ ವಾಸನೆ ಇನ್ನೂ ಹೋಗಿರುವುದಿಲ್ಲ,
ಆಗಲೇ ವಿಜ್ಞಾನ ಬಂದು ಕೂತಿರುತ್ತದೆ.

ಹೋದ ವಾರ ಜ್ವಾಲಾಮುಖಿ.
ವಿನೆಗರ್, ಸೋಡಾಪುಡಿ, ಕೆಂಪು ಬಣ್ಣ.
ಅದು ಉಕ್ಕಿದ್ದು ಎರಡು ನಿಮಿಷ,
ನಾನು ನೆಲ ಉಜ್ಜಿದ್ದು ಎರಡು ದಿನ.
ಅದಕ್ಕೂ ಮುಂಚೆ, ಒದ್ದೆ ಹತ್ತಿಯಲ್ಲಿ ಬೀನ್ಸ್ ಬೀಜ.
ಎಲ್ಲರವೂ ಮೊಳೆತವು, ಡೆನ್ಜಿಲನದೊಂದು ಬಿಟ್ಟು.
ದಿನಕ್ಕೆ ನಾಲ್ಕು ಸಲ ಎತ್ತಿ ಎತ್ತಿ ನೋಡಿದರೆ
ಯಾವ ಬೀಜಕ್ಕೆ ತಾನೇ ನಾಚಿಕೆಯಾಗದು?

ಈ ಸಲ ಗಾಜಿನ ಜಾಡಿ, ಒಳಗೊಂದು ವಿದ್ಯುತ್ ಗಂಟೆ,
ಗಾಳಿ ಹೀರುವ ಹಳೆಯ ಪಂಪು.
(ಪಂಪಿನ ತೊಗಲು ಒಣಗಿ ಬಿರಿದಿತ್ತು.
ಗುರುವಾರ ರಾತ್ರಿ ಗ್ರೀಸು ಸವರಿ ಕೂರಿಸಿದವನು ನಾನು.
ಸಭೆಯಲ್ಲಿ ಅದನ್ನು ಯಾರೂ ಹೇಳಲಿಲ್ಲ.)

ಟ್ರೆವಾಸ್ಕಿಸ್ ಮೇಡಂ ಗುಂಡಿ ಒತ್ತಿದರು.
ಟ್ರಿಣಿಣಿಣಿ! ಕಿವಿ ಮುಚ್ಚಿಕೊಂಡವು ಒಂದನೇ ತರಗತಿಯ ಪುಟಾಣಿಗಳು.
ಪಂಪು ಉಸಿರೆಳೆಯಿತು.
ಗಂಟೆ ಪಕ್ಕದ ಕೋಣೆಗೆ ಹೋಯಿತು,
ಪಕ್ಕದ ಬೀದಿಗೆ,
ದೋಣಿಕಟ್ಟೆಯ ಆಚೆಗೆ,
ಆಮೇಲೆ ಎಲ್ಲೂ ಇಲ್ಲ.
ಎಂಬತ್ತೈದು ಬಾಯಿಗಳು ತೆರೆದೇ ಉಳಿದವು.
ಮೇಡಂ ಬಿಳಿಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದರು:
ಗಾಳಿ ಇಲ್ಲದ ಕಡೆ ಶಬ್ದ ಇಲ್ಲ.

ಎಂಬತ್ತಾರನೆಯವಳು ಲವ್‌ಡೇ.
ಮುಂದಿನ ಸಾಲು, ಸಿಕ್ಕುಬಿದ್ದ ಕೆಂಚು ಜಡೆ.
ಹಾಲಿನಲ್ಲಿ ಮೈಕು ಕಿರುಚುತ್ತದೆಂದು
ಕಿವಿಯ ಯಂತ್ರಗಳೆರಡನ್ನೂ ಬಿಚ್ಚಿ
ಗೋಲಿಗಳ ಹಾಗೆ ಜೇಬಿಗೆ ಹಾಕಿಕೊಂಡಿರುತ್ತಾಳೆ.
ಅವಳು ಆಚೀಚೆ ನೋಡಿದಳು, ಏನಾಯಿತು ಇವರಿಗೆಲ್ಲ?
ಸುತ್ತಿಗೆ ಬಡಿಯುತ್ತಲೇ ಇದೆ,
ಬಟ್ಟಲು ನಡುಗುತ್ತಲೇ ಇದೆ,
ಆಗ ಇದ್ದ ಹಾಗೆಯೇ ಈಗಲೂ.
ಕೈ ಎತ್ತಿ, ಬೆರಳುಗಳಲ್ಲಿ ಕೇಳಿದಳು:
ಹೋದದ್ದು ಏನು?

ಮೇಡಂ ಕೈಭಾಷೆ ಕಲಿತದ್ದು ಈಚೆಗೆ.
'ಶಬ್ದ' ಎನ್ನಲು ಹೋಗಿ 'ಬೆಣ್ಣೆ' ಎಂದರಂತೆ.
ಲವ್‌ಡೇ ನಗಲಿಲ್ಲ. ಎದ್ದು ಬಂದಳು,
ಮೇಜಿನ ಮೇಲೆ ಅಂಗೈ ಊರಿದಳು,
ಕಣ್ಣು ಮುಚ್ಚಿದಳು.
ಇದೆ, ಎಂದಳು.
ಸಣ್ಣಗೆ. ಇಲ್ಲೇ ಇದೆ.

ಮೇಡಂ ತಾವೂ ಕೈ ಇಟ್ಟರು.
ತುಸು ಹೊತ್ತು ಹಾಗೇ ನಿಂತರು.
ಆಮೇಲೆ ಹಲಗೆಯ ಬಳಿ ಹೋಗಿ
ಕೊನೆಯ 'ಇಲ್ಲ'ವನ್ನು ತೋಳಿನಿಂದ ಒರೆಸಿ
ಆ ಜಾಗವನ್ನು ಖಾಲಿಯೇ ಬಿಟ್ಟರು.

ಮನೆಗಂಟೆ ಹೊಡೆಯಿತು. ಒಬ್ಬರೂ ಬಾಗಿಲ ಕಡೆ ಹೋಗಲಿಲ್ಲ.
ಮೇಜಿನ ಮುಂದೆ ಸಾಲು, ಸಾಲಿನಲ್ಲಿ ನೂಕಾಟ.
ಜೋರಿ ಕೆನ್ನೆ ಇಟ್ಟ, ಕೆರೆನ್ಸಾ ಮೊಣಕೈ ಇಟ್ಟಳು,
ಹೆಸರು ನೆನಪಿಲ್ಲದ ಒಂದನೇ ತರಗತಿಯ ಒಬ್ಬ
ನಾಲಿಗೆಯನ್ನೇ ಇಟ್ಟ.
ಏನು ಸಿಕ್ಕಿತೋ, ಎಂದೆ.
ವಾರ್ನಿಷ್, ಎಂದ.

ಸಂಜೆ ಕುರ್ಚಿ ಪೇರಿಸಿದೆ,
ಕಿಟಕಿಯ ಬೀಜಗಳಿಗೆ ನೀರು ಹನಿಸಿದೆ,
ಡೆನ್ಜಿಲನದಕ್ಕೆ ಒಂದು ಚಮಚ ಹೆಚ್ಚು.
ಮೇಜು ಒರೆಸಲು ಬಟ್ಟೆ ಹಿಡಿದವನು
ಬಟ್ಟೆ ಕೆಳಗಿಟ್ಟು ಗುಂಡಿ ಒತ್ತಿದೆ, ಪಂಪು ಎಳೆದೆ.

ನಮ್ಮ ತಾತ ತವರದ ಗಣಿಯವನು,
ಕಡಲ ತಳಕ್ಕೂ ಕೆಳಗೆ ಅಗೆದವನು.
ಬಿರುಗಾಳಿಯ ದಿನ ನೆತ್ತಿಯ ಮೇಲೆ
ಕಡಲು ಬಂಡೆ ಉರುಳಿಸುವುದು
ಕಿವಿಗೆ ಮುಂಚೆ ಹಲ್ಲಿಗೆ ಗೊತ್ತಾಗುತ್ತಿತ್ತು ಎನ್ನುತ್ತಿದ್ದ.
ಹೆಂಡದ ಮಾತೆಂದು ನಾವು ನಗುತ್ತಿದ್ದೆವು.

ಬಾಗಿಲು ಹಾಕಿದೆಯೇ ಎಂದು ಒಮ್ಮೆ ತಿರುಗಿ ನೋಡಿ
ಬಗ್ಗಿ, ಮೇಜಿನ ಅಂಚಿಗೆ ಹಲ್ಲು ತಾಗಿಸಿದೆ.

ಹುಡುಗ ಹೇಳಿದ್ದು ನಿಜ, ವಾರ್ನಿಷ್.
ತಾತ ಹೇಳಿದ್ದೂ.